ಟೆಂಪೆ ಬಜ್ಜಿ ಯಾಕೆ ಬರಲಿಲ್ಲ?

ರಾಜ್ಯೋತ್ಸವದ ದಿನ ಸ್ಟಾಲಿನ ಮುಂದೆ ‘ಟೆಂಪೆ ಬಜ್ಜಿ, ನಮ್ಮ ರೂಮಲ್ಲೇ ಬೆಳೆದದ್ದು’ ಅಂತ ಪೋಸ್ಟರ್ ಅಂಟಿಸಿ, ಕೊನೆಗೆ ಮಾಮೂಲಿ ಮೆಣಸಿನಕಾಯಿ ಬಜ್ಜಿ ಮಾರಿದವರು ನಾವೇ. "ಎಲ್ಲಿ ಗುರು ನಿನ್ ಬೂಷ್ಟು ಬಜ್ಜಿ?" ಅಂತ ಕ್ಯಾಂಟೀನಲ್ಲಿ ಇವತ್ತಿಗೂ ಕೇಳೋರಿದ್ದಾರೆ. ಸಂಘದ ಖಜಾಂಚಿ ಕೇಳಲ್ಲ, ಸುಮ್ನೆ ನೋಡ್ತಾಳೆ. ಆ ನೋಟಕ್ಕೂ ಸೇರಿಸಿ ಒಂದು ಉತ್ತರ ಕೊಡಬೇಕು ಅಂತ ಈ ಬರಹ.

ನಡೆದದ್ದು ಇಷ್ಟು. ಹಿಂದಿನ ರಾತ್ರಿ ಹನ್ನೊಂದೂವರೆಗೆ ನಮ್ಮ ಥರ್ಮಾಕೋಲ್ ಡಬ್ಬ ತೆಗೆದ್ವಿ. ಒಳಗೆ ಎಂಟು ಪೊಟ್ಟಣ, ಒಟ್ಟು ನಾಲ್ಕು ಕಿಲೋ ಟೆಂಪೆ. ಐದು ಪೊಟ್ಟಣ ಬೆಳ್ಳಗೆ, ಹತ್ತಿ ಹಾಸಿದ ಹಾಗೆ ಚೆನ್ನಾಗಿತ್ತು. ಮೂರರಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಹಳದಿ ಮಿಶ್ರಿತ ಹಸಿರು ಮಚ್ಚೆ. ನನ್ನ ರೂಂಮೇಟ್ ಹೇಳಿದ: "ಮಗಾ, ಅಷ್ಟು ಭಾಗ ಕೊಯ್ದು ಬಿಸಾಕು. ಉಳಿದದ್ದು ಕರಿಯೋಣ. ಎಣ್ಣೆ ನೂರೆಂಬತ್ತು ಡಿಗ್ರಿ ಇರುತ್ತೆ, ಯಾವ ಬೂಷ್ಟು ಬದುಕುತ್ತೆ?" ತರ್ಕ ಕೇಳೋಕೆ ಸರಿಯಾಗೇ ಇತ್ತು. ನನ್ನ ಹತ್ರ ತಕ್ಷಣಕ್ಕೆ ಉತ್ತರ ಇರಲಿಲ್ಲ. ಆ ಹಸಿರು ಏನು ಅಂತ ನಂಗೆ ಗೊತ್ತಿಲ್ಲ ಅನ್ನೋದು ಮಾತ್ರ ಗೊತ್ತಿತ್ತು. ಅರ್ಧ ಗಂಟೆ ಜಗಳ ಆಡಿ, ಎಂಟೂ ಪೊಟ್ಟಣ ಎರಡು ಕವರಿನಲ್ಲಿ ಗಂಟು ಕಟ್ಟಿ ಎಸೆದ್ವಿ.

ಇದಾದ ಮೇಲೆ ಬಂದ ಸಲಹೆಗಳು ಎರಡು ಥರ. ಒಂದು ಗುಂಪು, "ಯೂಟ್ಯೂಬ್ ನೋಡಿ ಬೂಷ್ಟು ಬೆಳೆಸಿ ತಿನ್ನೋಕೆ ಹೊರಟಿದ್ದೇ ಹುಚ್ಚು, ಇನ್ಮೇಲೆ ಬೇಡ" ಅಂತು. ಇನ್ನೊಂದು ಗುಂಪು, "ನಮ್ಮಜ್ಜಿ ದೋಸೆ ಹಿಟ್ಟು ಹುದುಗಿಸಲ್ವಾ? ಏನೂ ಆಗ್ತಿರಲಿಲ್ಲ, ಸುಮ್ನೆ ಹೆದರಿದ್ರಿ" ಅಂತು. ಎರಡೂ ತಪ್ಪು ಅಂತ ನನ್ನ ಅಭಿಪ್ರಾಯ. ಕಾಳಿನ ಮೇಲೆ ಬೂಷ್ಟು ಬೆಳೆಸೋ ಪ್ರಯೋಗವನ್ನ ನಮ್ಮಲ್ಲಿ ಪ್ರತಿಯೊಬ್ಬರೂ ಒಮ್ಮೆಯಾದ್ರೂ ಮಾಡಬೇಕು. ಆದ್ರೆ "ನನಗೆ ಗೊತ್ತಿಲ್ಲ" ಅಂತ ಬರೆಯೋಕೆ ಕಲಿತವರು ಮಾತ್ರ ಮಾಡಬೇಕು. ನಮ್ಮ ಲ್ಯಾಬುಗಳು ನಮಗೆ ಕಲಿಸದೇ ಇರೋದು ಅದೊಂದನ್ನೇ.

ಮೊದಲು ಟೆಂಪೆ ಅಂದ್ರೇನು

ಟೆಂಪೆ ಇಂಡೋನೇಷ್ಯಾದ ಜಾವಾ ದ್ವೀಪದ ಅಡುಗೆ. ಸೋಯಾ ಕಾಳನ್ನ ನೆನೆಸಿ, ಸಿಪ್ಪೆ ತೆಗೆದು, ಬೇಯಿಸಿ, ಒಣಗಿಸಿ, ಅದಕ್ಕೆ ರೈಜೋಪಸ್ ಅನ್ನೋ ಶಿಲೀಂಧ್ರದ ಬೀಜಕಣ ಬೆರೆಸಿ, ಸುಮಾರು 30 ಡಿಗ್ರಿಯಲ್ಲಿ ಒಂದೂವರೆ ದಿನ ಇಡ್ತಾರೆ. ಶಿಲೀಂಧ್ರ ಬಿಳಿ ನೂಲಿನ ಹಾಗೆ ಕಾಳುಗಳ ನಡುವೆ ಹಬ್ಬಿ, ಬಿಡಿ ಬಿಡಿ ಕಾಳನ್ನ ಒಂದೇ ಗಟ್ಟಿ ಹಲಗೆಯಾಗಿ ಹೆಣೆದುಬಿಡುತ್ತೆ. ಚಾಕುವಿನಲ್ಲಿ ಬಿಲ್ಲೆ ಕೊಯ್ದು ಕರಿದು ತಿನ್ನಬಹುದು. ಹಳೇ ಕಾಲದಲ್ಲಿ ಬಾಳೆಲೆ, ತೇಗದೆಲೆಯಲ್ಲಿ ಕಟ್ಟೋರು. ಈಗ ತೂತು ಚುಚ್ಚಿದ ಪ್ಲಾಸ್ಟಿಕ್ ಕವರೂ ನಡೆಯುತ್ತೆ. ಮೊಸರಿಗೆ ನಾವು ಹೆಪ್ಪು ಹಾಕ್ತೀವಲ್ಲ, ಇದಕ್ಕೂ ಹಾಗೇ ಒಂದು ಹೆಪ್ಪು. ಪುಡಿ ರೂಪದಲ್ಲಿ ಪ್ಯಾಕೆಟ್ ಸಿಗುತ್ತೆ.

ಇದರ ಅಣ್ಣನ ಸ್ಥಾನದಲ್ಲಿರೋದು ಜಪಾನಿನ ಕೋಜಿ. ಹಬೆಯಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಆಸ್ಪರ್ಜಿಲಸ್ ಒರೈಜೆ ಅನ್ನೋ ಬೂಷ್ಟು ಬೆಳೆಸ್ತಾರೆ. ಸೋಯಾ ಸಾಸ್, ಮೀಸೋ, ಸಾಕೆ ಎಲ್ಲದರ ಬೇರು ಅದೇ. 2006ರಲ್ಲಿ ಜಪಾನಿನ ಬ್ರೂಯಿಂಗ್ ಸೊಸೈಟಿ ಅದನ್ನ ‘ರಾಷ್ಟ್ರೀಯ ಶಿಲೀಂಧ್ರ’ ಅಂತ ಘೋಷಿಸಿತು. ನಮಗೂ ಅದಕ್ಕೂ ಏನು ಸಂಬಂಧ ಅಂತೀರಾ? ಹೊಟ್ಟೆ ಉಬ್ಬರಕ್ಕೆ ಮೆಡಿಕಲ್ ಶಾಪಿನಲ್ಲಿ ಕೊಡೋ ಜೀರ್ಣದ ಮಾತ್ರೆಯ ಲೇಬಲ್ ಓದಿ. ‘ಫಂಗಲ್ ಡಯಾಸ್ಟೇಸ್’ ಅಂತ ಇರುತ್ತೆ. ಅದರ ಕಥೆ ಶುರುವಾಗೋದು 1894ರಲ್ಲಿ. ಜೋಕಿಚಿ ತಾಕಾಮಿನೆ ಅನ್ನೋ ಜಪಾನಿ ರಸಾಯನ ವಿಜ್ಞಾನಿ ಗೋಧಿ ಬೂಸಾದ ಮೇಲೆ ಕೋಜಿ ಬೂಷ್ಟು ಬೆಳೆಸಿ ಪಿಷ್ಟ ಕರಗಿಸೋ ಕಿಣ್ವ ತೆಗೆಯೋದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಧಾನ್ಯದ ಮೇಲಿನ ಬೂಷ್ಟು ಎಂಜಿನಿಯರಿಂಗ್ ವಿಷಯ ಆಗಿ ನೂರಿಪ್ಪತ್ತು ವರ್ಷದ ಮೇಲಾಯ್ತು.

ನಮ್ಮ ಇಡ್ಲಿ, ದೋಸೆ ಇದೇ ಜಾತಿ ಅಲ್ಲ, ಗಮನಿಸಿ. ಅಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಬ್ಯಾಕ್ಟೀರಿಯಾ. ಹಿಟ್ಟು ನೀರಾಗಿರುತ್ತೆ, ಬೇಗ ಹುಳಿಯಾಗುತ್ತೆ, ಆ ಹುಳಿಯೇ ಕೆಟ್ಟ ಜೀವಿಗಳನ್ನ ದೂರ ಇಡುತ್ತೆ. ಟೆಂಪೆಯಲ್ಲಿ ಬೆಂದ ಕಾಳು ಬೆಚ್ಚಗೆ, ತೇವವಾಗಿ, ಹೆಚ್ಚು ಹುಳಿಯಿಲ್ಲದೆ ಕೂತಿರುತ್ತೆ. ಯಾರು ಬೇಕಾದ್ರೂ ಬಂದು ಊಟಕ್ಕೆ ಕೂರಬಹುದು. ಅದಕ್ಕೇ ಅಜ್ಜಿಯ ದೋಸೆ ಹಿಟ್ಟಿನ ಧೈರ್ಯವನ್ನ ಇಲ್ಲಿಗೆ ತರೋ ಹಾಗಿಲ್ಲ.

ಮೂರು ಬ್ಯಾಚು, ಮೂರು ಪಾಠ

ಆಗಸ್ಟಿನಲ್ಲಿ ಶುರು ಮಾಡಿದ್ವಿ. ಮೀನಿನ ಅಂಗಡಿಯಿಂದ ತಂದು ಬಿಸಿನೀರಲ್ಲಿ ಮೂರು ಸಲ ತೊಳೆದ ಥರ್ಮಾಕೋಲ್ ಡಬ್ಬ, ಒಂದು ಸಣ್ಣ ಬಲ್ಬು, ಒಂದು ರಿಲೇ, ಒಂದು ಥರ್ಮಿಸ್ಟರ್, ಸೀನಿಯರ್ ಒಬ್ಬರು ಬಿಟ್ಟು ಹೋದ ಆರ್ಡುಯಿನೊ. 29 ಡಿಗ್ರಿಗೆ ಬಲ್ಬು ಹತ್ತಬೇಕು, 31ಕ್ಕೆ ಆರಬೇಕು. ಪ್ರೋಗ್ರಾಂ ಹತ್ತು ಸಾಲು.

ಮೊದಲ ಬ್ಯಾಚು ಲೋಳೆಯಾಯ್ತು. ಡಬ್ಬ ತೆಗೆದ್ರೆ ಅಮೋನಿಯಾ ವಾಸನೆ, ಕಾಳು ಎತ್ತಿದ್ರೆ ನೂಲು ನೂಲಾಗಿ ಅಂಟು. ಕಾರಣ ಸುಲಭ: ಬೇಯಿಸಿದ ಕಾಳನ್ನ ಸರಿಯಾಗಿ ಒಣಗಿಸಿರಲಿಲ್ಲ. ಕಾಳುಗಳ ನಡುವಿನ ಜಾಗದಲ್ಲಿ ನೀರು ತುಂಬಿದ್ರೆ ಗಾಳಿ ಹೋಗಲ್ಲ. ಶಿಲೀಂಧ್ರಕ್ಕೆ ಆಮ್ಲಜನಕ ಬೇಕೇ ಬೇಕು. ಅದು ಉಸಿರು ಕಟ್ಟಿ ಕೂತಾಗ ಬ್ಯಾಕ್ಟೀರಿಯಾ ಗೆದ್ದವು. ಆಮೇಲಿಂದ ನಮ್ಮ ನಿಯಮ: ಕಾಳು ಮುಟ್ಟಿದ್ರೆ ಕೈಗೆ ನೀರು ಹತ್ತಬಾರದು. ಜೊತೆಗೆ ಬೇಯಿಸುವಾಗ ಎರಡು ಚಮಚ ವಿನೆಗರ್. ಸ್ವಲ್ಪ ಹುಳಿ ಇದ್ರೆ ಬ್ಯಾಕ್ಟೀರಿಯಾ ಹಿಂದೇಟು ಹಾಕುತ್ತವೆ, ರೈಜೋಪಸ್ ಅಷ್ಟಾಗಿ ತಲೆ ಕೆಡಿಸ್ಕೊಳ್ಳಲ್ಲ.

ಎರಡನೇ ಬ್ಯಾಚು ನನಗೆ ತುಂಬ ಇಷ್ಟವಾದ ಸೋಲು. ಅಂಚಿನಲ್ಲಿ ಸುಂದರ ಬಿಳಿ, ನಡುವೆ ಕಂದು ಬಣ್ಣದ ಒದ್ದೆ ಕಾಳು, ಬೂಷ್ಟೇ ಇಲ್ಲ. ಲಾಗ್ ನೋಡಿದ್ರೆ ತಾಪಮಾನ ಇಡೀ ರಾತ್ರಿ 30, 31, 30, 31. ಗೆರೆ ಎಳೆದ ಹಾಗೆ. ಎಲ್ಲಾ ಸರಿಯಾಗಿದ್ರೂ ಯಾಕೆ ಹೀಗಾಯ್ತು? ಎರಡು ದಿನ ತಲೆ ಕೆರಕೊಂಡ ಮೇಲೆ ಹೊಳೀತು: ಥರ್ಮಿಸ್ಟರ್ ನೇತಾಡ್ತಾ ಇದ್ದದ್ದು ಡಬ್ಬದ ಗಾಳಿಯಲ್ಲಿ. ನಾವು ಅಳೆದದ್ದು ಗಾಳಿಯನ್ನ, ಬೆಳೆಸಿದ್ದು ಕಾಳನ್ನ. ಮುಂದಿನ ಸಲ ಇನ್ನೊಂದು ಥರ್ಮಿಸ್ಟರನ್ನ ಪೊಟ್ಟಣದ ಹೊಟ್ಟೆಗೇ ಚುಚ್ಚಿ ಇಟ್ವಿ. ಹದಿನೆಂಟು ಗಂಟೆ ಹೊತ್ತಿಗೆ ಗಾಳಿ 31, ಕಾಳಿನ ನಡುಮಧ್ಯ 43!

ಲೆಕ್ಕ ಮಾಡಿ ನೋಡಿ. ಒಂದು ಮೋಲ್ ಗ್ಲೂಕೋಸ್, ಅಂದ್ರೆ 180 ಗ್ರಾಂ, ಪೂರ್ತಿ ಉರಿದ್ರೆ ಸುಮಾರು 2,800 ಕಿಲೋಜೌಲ್ ಶಾಖ. ಒಂದು ಗ್ರಾಂಗೆ ಹದಿನೈದೂವರೆ ಕಿಲೋಜೌಲ್ ಆಯ್ತು. ಒದ್ದೆ ಕಾಳಿನ ಶಾಖಧಾರಣೆ ಕಿಲೋಗೆ ಡಿಗ್ರಿಗೆ ಮೂರು ಚಿಲ್ಲರೆ ಕಿಲೋಜೌಲ್ ಅಂತ ಇಟ್ಕೊಳ್ಳಿ. ಹೊರಗೆ ಹೋಗೋಕೆ ದಾರಿ ಇಲ್ಲದಿದ್ರೆ, ಬರೀ ಒಂದು ಗ್ರಾಂ ಸಕ್ಕರೆ ಒಂದು ಕಿಲೋ ಕಾಳನ್ನ ನಾಲ್ಕೂವರೆ ಡಿಗ್ರಿ ಏರಿಸಬಲ್ಲದು. ಹೀಟ್ ಟ್ರಾನ್ಸ್‌ಫರ್ ಪೇಪರಿಗೆ ‘ಒಳಗೇ ಶಾಖ ಹುಟ್ಟುವ ಗೋಡೆ’ ಅಂತ ಒಂದು ಸೂತ್ರ ಉರು ಹೊಡೆದಿದ್ದೆ. ನಡುವಿನ ಮತ್ತು ಅಂಚಿನ ತಾಪಮಾನದ ಅಂತರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತೆ. ದಪ್ಪ ಎರಡು ಪಟ್ಟಾದ್ರೆ ಅಂತರ ನಾಲ್ಕು ಪಟ್ಟು. ಜಾವಾದವರು ಟೆಂಪೆಯನ್ನ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೇ ಯಾಕೆ ನಿಲ್ಲಿಸ್ತಾರೆ ಅಂತ ಆಗ ಅರ್ಥ ಆಯ್ತು. ನಮ್ಮದು ಐದು ಸೆಂಟಿಮೀಟರ್ ಇತ್ತು. ಆ ಸೂತ್ರ ಪರೀಕ್ಷೆಯಲ್ಲಿ ಹತ್ತು ಅಂಕ ಕೊಟ್ಟಿತ್ತು. ಅದು ಅರ್ಥವಾದದ್ದು ಮಾತ್ರ ಕಂದು ಬಣ್ಣದ ಕಾಳನ್ನ ಮೂಸಿ ನೋಡಿದಾಗ.

ಇದು ನಮ್ಮ ರೂಮಿನ ದೊಡ್ಡ ಸಂಶೋಧನೆ ಏನಲ್ಲ. ಮೈಸೂರಿನ ಸಿಎಫ್‌ಟಿಆರ್‌ಐನ ಬಿ.ಕೆ. ಲೋನ್ಸಾನೆ ಮತ್ತು ಸಂಗಡಿಗರು 1985ರಲ್ಲೇ ಘನ ಪದಾರ್ಥದ ಮೇಲಿನ ಹುದುಗುವಿಕೆಯ ಎಂಜಿನಿಯರಿಂಗ್ ಬಗ್ಗೆ ಪ್ರಬಂಧ ಪ್ರಕಟಿಸಿದ್ದಾರೆ. ಇಂಥ ಹುದುಗುವಿಕೆಯಲ್ಲಿ ಹುಟ್ಟೋ ಶಾಖವನ್ನ ಹೊರಗೆ ಹಾಕೋದೇ ದೊಡ್ಡ ತಲೆನೋವು. ದ್ರವ ಆದ್ರೆ ಕಲಕಬಹುದು, ಕಾಳಿನ ಹಲಗೆಯನ್ನ ಹೇಗೆ ಕಲಕ್ತೀರಿ? ನಮ್ಮಿಂದ ಮೂರು ಗಂಟೆ ಬಸ್ ದಾರಿಯಲ್ಲಿ ನಡೆದ ಕೆಲಸ. ನಾಲ್ಕು ವರ್ಷದ ಕೋರ್ಸಿನಲ್ಲಿ ನನಗೆ ಅದರ ಹೆಸರೂ ಕೇಳಿಸಿರಲಿಲ್ಲ.

ಮೂರನೇ ಬ್ಯಾಚು ತೆಳ್ಳಗೆ ಹಾಸಿದ್ವಿ. ಮೊದಲ ಹನ್ನೆರಡು ಗಂಟೆ ಬಲ್ಬು, ಆಮೇಲೆ ಬಲ್ಬು ಆರಿಸಿ ಮುಚ್ಚಳ ಓರೆ. ಮೊದಲರ್ಧ ಬಿಸಿ ಕೊಡಬೇಕು, ಎರಡನೇ ಅರ್ಧ ಬಿಸಿ ಕಿತ್ಕೋಬೇಕು. ಹತ್ತು ಸಾಲಿನ ಪ್ರೋಗ್ರಾಂ ನಲವತ್ತಾಯ್ತು. ಬೆಳಿಗ್ಗೆ ಪೊಟ್ಟಣ ಬಿಚ್ಚಿದ್ರೆ ಅಣಬೆಯ ಪರಿಮಳ, ಚಾಕು ಹಾಕಿದ್ರೆ ಕೇಕ್ ಥರ ಕೊಯ್ಯುತ್ತೆ. ತೂತಿನ ಹತ್ರ ಒಂದೆರಡು ಬೂದು ಕಪ್ಪು ಚುಕ್ಕೆ ಇತ್ತು. ಅದು ರೈಜೋಪಸ್ ತಾನೇ ಬೀಜಕಣ ಕಟ್ಟೋ ಬಣ್ಣ, ತೊಂದರೆ ಇಲ್ಲ. ಉಪ್ಪು, ಖಾರ, ಅರಿಶಿನ ಸವರಿ ಕರಿದು ತಿಂದ್ವಿ. ಆ ಖುಷಿಯಲ್ಲೇ ಸ್ಟಾಲಿನ ಪೋಸ್ಟರ್ ಆಗಿದ್ದು.

ನೋಟ್‌ಬುಕ್ಕಿನ ಖಾಲಿ ಪುಟ

ಈಗ ನನ್ನ ತಪ್ಪೊಪ್ಪಿಗೆ. ಮೊದಲ ಮೂರು ಬ್ಯಾಚಿಗೂ ನನ್ನ ನೋಟ್‌ಬುಕ್ಕಿನಲ್ಲಿ ಎರಡೆರಡು ಪುಟ ಇದೆ: ಕಾಳಿನ ತೂಕ, ನೆನೆಸಿದ ಹೊತ್ತು, ಬೇಯಿಸಿದ ನಿಮಿಷ, ತಾಪಮಾನ, ಯಾರು ಕೈ ತೊಳೀಲಿಲ್ಲ, ಎಲ್ಲಾ. ಸ್ಟಾಲಿನ ನಾಲ್ಕು ಕಿಲೋ ಬ್ಯಾಚಿಗೆ ಒಂದೇ ಸಾಲು: "4 ಕೆಜಿ. ಸಂಜೆ 6." ಅಷ್ಟೇ. ಇಂಟರ್ನಲ್ಸ್ ಇತ್ತು, ಪೋಸ್ಟರ್ ಇತ್ತು, ಟೈಮ್ ಇರಲಿಲ್ಲ.

ಬರೆಯದೇ ಇದ್ದದ್ದು ಎರಡು ವಿಷಯ. ಒಂದು, ಹೆಪ್ಪಿನ ಪ್ಯಾಕೆಟ್ ಖಾಲಿಯಾಗಿತ್ತು. ಹೊಸದು ಬರೋಕೆ ನಾಲ್ಕು ದಿನ. "ಮೊಸರಿಗೆ ನಿನ್ನೆಯ ಮೊಸರೇ ಹೆಪ್ಪು ತಾನೇ" ಅಂತ, ಹಳೇ ಟೆಂಪೆಯ ಒಂದು ತುಂಡನ್ನ ಕಪ್ಪಾಗೋ ತನಕ ಬಿಟ್ಟು, ಟೆರೇಸಿನಲ್ಲಿ ಒಣಗಿಸಿ, ಮಿಕ್ಸಿಗೆ ಹಾಕಿ ಪುಡಿ ಮಾಡಿದ್ದೆ. ಎರಡು, ನಾಲ್ಕು ಕಿಲೋ ಕಾಳು ಆರೋದು ತಡ ಆಯ್ತು ಅಂತ ಚಾಪೆ ಮೇಲೆ ಬಟ್ಟೆ ಹಾಸಿ, ಹರಡಿ, ಒಂದು ಗಂಟೆ ಫ್ಯಾನ್ ಹಾಕಿದ್ವಿ. ನಮ್ಮ ರೂಮಿನ ಫ್ಯಾನಿನ ರೆಕ್ಕೆ ನೋಡಿದವರಿಗೆ ಹೆಚ್ಚು ಹೇಳೋದು ಬೇಡ.

ಹಸಿರು ಬಂದದ್ದು ಹೆಪ್ಪಿನಿಂದಲೋ ಫ್ಯಾನಿನಿಂದಲೋ? ಪುಟ ಖಾಲಿ. ಆಮೇಲೆ ನವೆಂಬರ್ ಮಧ್ಯದಲ್ಲಿ ನಾಲ್ಕು ಸಣ್ಣ ಪೊಟ್ಟಣ ಮಾಡಿದ್ವಿ: ಅಂಗಡಿ ಹೆಪ್ಪು ಮತ್ತು ಫ್ಯಾನು, ಅಂಗಡಿ ಹೆಪ್ಪು ಮತ್ತು ಮುಚ್ಚಿದ ಬಟ್ಟೆ, ಮನೆ ಹೆಪ್ಪು ಮತ್ತು ಫ್ಯಾನು, ಮನೆ ಹೆಪ್ಪು ಮತ್ತು ಮುಚ್ಚಿದ ಬಟ್ಟೆ. ಮನೆ ಹೆಪ್ಪಿನ ಎರಡರಲ್ಲೂ ಹಸಿರು ಬಂತು, ಅಂಗಡಿ ಹೆಪ್ಪಿನ ಎರಡರಲ್ಲೂ ಬರಲಿಲ್ಲ. ನಾಲ್ಕೇ ಪೊಟ್ಟಣದಿಂದ ಸಾಬೀತಾಯ್ತು ಅನ್ನೋಕಾಗಲ್ಲ. ಬೆಟ್ ಕಟ್ಟೋದಾದ್ರೆ ಹೆಪ್ಪಿನ ಮೇಲೆ ಕಟ್ತೀನಿ. ಮೊಸರಿಗೆ ತನ್ನ ಹುಳಿಯೇ ಕಾವಲು. ಟೆಂಪೆಗೆ ಆ ಕಾವಲಿಲ್ಲ, ಒಂದು ಸಲ ನುಗ್ಗಿದ ಅತಿಥಿ ಮುಂದಿನ ಹೆಪ್ಪಿನ ಜೊತೆ ಮತ್ತೆ ಮತ್ತೆ ಬರ್ತಾನೆ.

ಈ ಖಾಲಿ ಪುಟದ ಬಗ್ಗೆ ನನಗೆ ನಾಚಿಕೆ ಇದೆ, ಆಶ್ಚರ್ಯ ಇಲ್ಲ. ನಾವೆಲ್ಲ ಲ್ಯಾಬ್ ರೆಕಾರ್ಡ್ ಬರೆಯೋ ರೀತಿ ನೆನಪಿಸಿಕೊಳ್ಳಿ. ಸೀನಿಯರ್ ರೆಕಾರ್ಡು ಮೊದಲೇ ಕೈಗೆ ಬಂದಿರುತ್ತೆ. ಉತ್ತರ ಎಷ್ಟು ಬರಬೇಕು ಅಂತ ಗೊತ್ತು. ಗ್ರಾಫಿನ ಮೇಲೆ ಮೊದಲು ಗೆರೆ ಎಳೆದು, ಆಮೇಲೆ ಅದರ ಅಕ್ಕಪಕ್ಕ ಚುಕ್ಕೆ ಇಡೋ ಕಲೆ ನಮಗೆ ಎರಡನೇ ಸೆಮಿಸ್ಟರಿಗೇ ಬಂದಿರುತ್ತೆ. ರೀಡಿಂಗ್ ಸರಿ ಬರದಿದ್ರೆ ರೀಡಿಂಗ್ ತಿದ್ದುತ್ತೇವೆ, ಯಾಕೆ ಬರಲಿಲ್ಲ ಅಂತ ಹುಡುಕಲ್ಲ. "ಫಲಿತಾಂಶ ಬರಲಿಲ್ಲ, ಕಾರಣ ತಿಳಿಯದು" ಅಂತ ಬರೆದು ಸಹಿ ಹಾಕಿಸಿಕೊಂಡವರು ನಮ್ಮಲ್ಲಿ ಯಾರಾದ್ರೂ ಇದ್ರೆ ಅವರಿಗೆ ನನ್ನ ಸಲಾಂ. ಮೇಷ್ಟ್ರುಗಳನ್ನ ದೂರೋಕೆ ಹೇಳ್ತಿಲ್ಲ. ಅರವತ್ತು ಹುಡುಗರು, ಎರಡು ಗಂಟೆ, ಆರು ಸೆಟಪ್ಪು. ಅಲ್ಲಿ ಸೋಲೋಕೆ ಟೈಮಿಲ್ಲ.

ಲ್ಯಾಬಿನಲ್ಲಿ ತಿದ್ದಿದ ರೀಡಿಂಗ್ ರೆಕಾರ್ಡಿನಲ್ಲೇ ಸಾಯುತ್ತೆ. ಟೆಂಪೆಯಲ್ಲಿ ತಿದ್ದಿದ ರೀಡಿಂಗ್ ಯಾರದೋ ಹೊಟ್ಟೆಗೆ ಹೋಗುತ್ತೆ. ಆ ರಾತ್ರಿ ನಮಗೆ ಜಗಳ ಆಡೋಕೆ ಅರ್ಧ ಗಂಟೆ ಹಿಡಿದದ್ದು ಅದಕ್ಕೇ. ಹಸಿರು ಮಚ್ಚೆ ಕೊಯ್ದು ಬಿಸಾಕೋದು ಕೂಡ ರೀಡಿಂಗ್ ತಿದ್ದೋದೇ. ನಮಗೆ ಅದು ಚೆನ್ನಾಗಿ ಅಭ್ಯಾಸ ಆಗಿರೋ ಕೆಲಸ.

ಎಣ್ಣೆಯ ಬಿಸಿ ಸಾಲದು

ರೂಂಮೇಟಿನ ಪ್ರಶ್ನೆಗೆ ಈಗ ಉತ್ತರ ಗೊತ್ತು. ಬಿಸಿ ಎಣ್ಣೆಯಲ್ಲಿ ಬೂಷ್ಟು ಸಾಯುತ್ತೆ, ನಿಜ. ಆದ್ರೆ ಕೆಲವು ಬೂಷ್ಟುಗಳು ಸಾಯೋ ಮೊದಲೇ ಮಾಡಿಟ್ಟ ವಿಷ ಸಾಯಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಷ್ಟು ಮಾಡೋ ಅಫ್ಲಾಟಾಕ್ಸಿನ್ ಮಾಮೂಲಿ ಅಡುಗೆಯ ಬಿಸಿಗೆ ಹೆಚ್ಚು ಕಡಿಮೆ ಹಾಗೇ ಉಳಿಯುತ್ತೆ. ಅದು ಯಕೃತ್ತಿಗೆ ಏಟು ಕೊಡುತ್ತೆ, ಕ್ಯಾನ್ಸರಿಗೂ ಕಾರಣ ಆಗುತ್ತೆ. ಮಚ್ಚೆ ಕಂಡಷ್ಟೇ ಜಾಗದಲ್ಲಿ ಇರುತ್ತೆ ಅಂತಲೂ ಇಲ್ಲ, ಎಳೆಗಳು ಕಣ್ಣಿಗೆ ಕಾಣದ ಹಾಗೆ ಒಳಗೆ ಹಬ್ಬಿರಬಹುದು.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಪತ್ತೆಯಾಯ್ತು. ಕಾರಣ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಅದು ಕೋಳಿಗಳ ಕಥೆ ಅಂತ ಬಿಡೋ ಹಾಗಿಲ್ಲ. 1974ರಲ್ಲಿ ನಮ್ಮದೇ ದೇಶದ ಗುಜರಾತ್, ರಾಜಸ್ಥಾನದ ಗಡಿಯ ಆದಿವಾಸಿ ಹಳ್ಳಿಗಳಲ್ಲಿ, ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 397 ಜನ ಕಾಮಾಲೆ ಬಂದು ಮಲಗಿದರು, ಅವರಲ್ಲಿ 106 ಜನ ಸತ್ತರು. ಅವರಿಗೆ ಎಸೆಯೋ ಅನುಕೂಲ ಇರಲಿಲ್ಲ, ಮನೆಯಲ್ಲಿದ್ದದ್ದೇ ಆ ಜೋಳ. ನಮಗೆ ಎಸೆಯೋ ಅನುಕೂಲ ಇತ್ತು. ಎಸೆದದ್ದಕ್ಕೆ ನನಗೆ ವಿಷಾದ ಇಲ್ಲ.

ನಮ್ಮ ಪೊಟ್ಟಣದಲ್ಲಿ ಬಂದದ್ದು ಅದೇ ಬೂಷ್ಟು ಅಂತ ನಾನು ಹೇಳ್ತಿಲ್ಲ. ನಿರುಪದ್ರವಿ ಹಸಿರು ಬೂಷ್ಟುಗಳೂ ಇವೆ. ಜಪಾನಿನವರ ಕೋಜಿ ಬೂಷ್ಟು ಕೂಡ ಬಲಿತಾಗ ಹಳದಿ ಹಸಿರೇ ಆಗುತ್ತೆ, ಮತ್ತು ಅದು ಫ್ಲೇವಸ್ಸಿನ ತೀರಾ ಹತ್ತಿರದ ಸಂಬಂಧಿ. ಒಂದು ವಿಷ ಮಾಡುತ್ತೆ, ಇನ್ನೊಂದು ಮಾಡಲ್ಲ. ಬರಿಗಣ್ಣಿಗೆ ಎರಡೂ ಒಂದೇ. ಶತಮಾನಗಳ ಕಾಲ ಆಯ್ದು ಸಾಕಿದ ತಳಿಯನ್ನ ಜಪಾನಿನಲ್ಲಿ ಅದಕ್ಕೇ ಇರೋ ಅಂಗಡಿಗಳಿಂದ ತರ್ತಾರೆ, ಗಾಳಿಯಿಂದ ಹಿಡಿಯಲ್ಲ. ಹಾಗಾಗಿ "ಅನ್ನ ಬಿಟ್ಟಿದ್ದೆ, ಹಸಿರು ಬಂತು, ಇದೇ ಕೋಜಿ ಇರಬೇಕು" ಅನ್ನೋ ವೀರರಿಗೆ ಕೈ ಮುಗಿದು ಹೇಳ್ತೀನಿ, ಬೇಡ. ಸಾಕಿದ ಟೆಂಪೆಯಲ್ಲೂ ಜಾವಾದವರಿಗೆ ಏಟು ಬಿದ್ದಿದೆ. ಕೊಬ್ಬರಿ ಹಿಂಡಿಯಿಂದ ಮಾಡೋ ‘ಟೆಂಪೆ ಬೊಂಗ್‌ಕ್ರೆಕ್’ ಅನ್ನೋದರಲ್ಲಿ ಒಂದು ಬ್ಯಾಕ್ಟೀರಿಯಾ ಸೇರಿ ವಿಷ ಮಾಡಿ ನೂರಾರು ಜನ ಸತ್ತು, 1988ರಲ್ಲಿ ಅದನ್ನ ನಿಷೇಧಿಸಿದರು. ತಲೆಮಾರುಗಳಿಂದ ಮಾಡಿಕೊಂಡು ಬಂದವರಿಗೇ ಹೀಗಾದ ಮೇಲೆ, ಮೂರು ಬ್ಯಾಚು ಮಾಡಿದ ನಮ್ಮ ಧೈರ್ಯಕ್ಕೆ ಏನು ಬೆಲೆ?

ಹಾಗಾದ್ರೆ ಮೊದಲ ಗುಂಪಿನವರು ಹೇಳಿದ್ದೇ ಸರಿ, ಬಿಟ್ಟುಬಿಡೋಣ ಅನ್ನಬಹುದು. ಇಲ್ಲ. ಬಿಟ್ಟರೆ ನಾವು ಕಲಿಯೋದು ಹೆದರಿಕೆ ಒಂದನ್ನೇ. ಕಪ್ಪು ಚುಕ್ಕೆ ಯಾಕೆ ಸರಿ, ಹಸಿರು ಚುಕ್ಕೆ ಯಾಕೆ ಅನುಮಾನ ಅಂತ ಬೇರೆ ಮಾಡಿ ಹೇಳೋಕೆ ನನಗೆ ಈಗ ಬರುತ್ತೆ. ಆಗಸ್ಟಿನಲ್ಲಿ ಬರ್ತಿರಲಿಲ್ಲ. ಸುಮ್ನೆ ಎಲ್ಲಾ ಬೂಷ್ಟನ್ನೂ ಅಸಹ್ಯ ಪಡೋನು, ಎಲ್ಲಾ ಬೂಷ್ಟನ್ನೂ ನಂಬೋನು, ಇಬ್ಬರಿಗೂ ಗೊತ್ತಿರೋದು ಒಂದೇ: ಏನೂ ಇಲ್ಲ.

ಅಜ್ಜಿ ಮತ್ತು ಹಿತಕಿದ ಬೇಳೆ

ಸಂಕ್ರಾಂತಿ ರಜೆಗೆ ಮಾಗಡಿ ಹತ್ರದ ನಮ್ಮೂರಿಗೆ ಹೋದಾಗ ಹೆಪ್ಪಿನ ಪ್ಯಾಕೆಟ್ ಬ್ಯಾಗಿನಲ್ಲಿತ್ತು. ಅವರೆ ಕಾಲ. ಅಜ್ಜಿ ಜಗುಲಿಯಲ್ಲಿ ನೆನೆಸಿದ ಅವರೆಕಾಳು ಹಿತಕ್ತಾ ಕೂತಿದ್ದರು. ಬೆರಳಲ್ಲಿ ಒತ್ತಿದ್ರೆ ಸಿಪ್ಪೆ ಈ ಕಡೆ, ಬೇಳೆ ಆ ಕಡೆ. ಟೆಂಪೆಯಲ್ಲಿ ನಾವು ಸೋಯಾ ಸಿಪ್ಪೆ ತೆಗೆಯೋಕೆ ಇಬ್ಬರು ಎರಡು ಗಂಟೆ ಒದ್ದಾಡ್ತಿದ್ವಿ. ಸಿಪ್ಪೆ ಇದ್ರೆ ಬೂಷ್ಟಿನ ಎಳೆ ಕಾಳಿನೊಳಗೆ ಇಳಿಯಲ್ಲ, ಅದಕ್ಕೇ ಆ ಕೆಲಸ. ಇಲ್ಲಿ ನೋಡಿದ್ರೆ ಅದೇ ಕೆಲಸ, ಮಾತಾಡ್ತಾ ಮಾತಾಡ್ತಾ ಮುಗಿದು ಹೋಗಿತ್ತು.

ಅರ್ಧ ಕಿಲೋ ಬೇಳೆ ಕೇಳಿದೆ. "ಸಾರಿಗೆ ಇಕ್ಕಿರೋದು ಕಣ್ಲಾ, ನಿಂಗ್ಯಾಕೆ?" ಅಂದರು. ಬೂಷ್ಟು ಬೆಳೆಸೋಕೆ ಅಂದೆ. ಅಜ್ಜಿ ನನ್ನ ಮುಖ ನೋಡಿ, "ಓದೋಕ್ ಕಳ್ಸಿದ್ರೆ ಇದಾ ಕಲ್ತಿದ್ದು? ಹಳಸಿದ್ದ ತಿನ್ನೋಕೆ ಕಾಲೇಜ್ಗೆ ಯಾಕೋಯ್ತೀಯ ಮಗ" ಅಂದರು. ಆದ್ರೆ ಬೇಳೆ ಕೊಟ್ಟರು. ಬಾಳೆಲೆಯಲ್ಲಿ ಕಟ್ಟಿ, ಬೆಚ್ಚಗೆ ಇರಲಿ ಅಂತ ಬಚ್ಚಲೊಲೆ ಪಕ್ಕದ ಗೂಡಿನಲ್ಲಿಟ್ಟೆ. ಎರಡನೇ ದಿನ ಬಿಚ್ಚಿದಾಗ ಬೆಳ್ಳಗಿತ್ತು. ಅಜ್ಜಿ ಮುಟ್ಟಿ, ಮೂಸಿ, ಅಲ್ಲೇ ಕೂತು ಒಂದು ಪ್ರಶ್ನೆ ಕೇಳಿದರು: "ಇದು ಒಳ್ಳೇದು, ಅದು ಕೆಟ್ಟದ್ದು ಅಂತ ನಿಂಗೆ ಹೆಂಗೊತ್ತು?"

ವೈವಾದಲ್ಲಿ ನನಗೆ ಇಷ್ಟು ನೇರವಾದ ಪ್ರಶ್ನೆ ಯಾರೂ ಕೇಳಿಲ್ಲ. ಹೇಳಿದೆ: ಹೆಪ್ಪು ಗೊತ್ತಿರೋ ಕಡೆಯಿಂದ ತಂದಿದ್ದು, ಕಾಳು ಬೆಂದು ಆರಿದ್ದು, ಬಿಸಿ ಎಷ್ಟಿತ್ತು ಅಂತ ಬರೆದಿದ್ದೀನಿ, ಬಿಳಿ ಮತ್ತು ಬೂದು ಬಿಟ್ಟು ಬೇರೆ ಬಣ್ಣ ಇಲ್ಲ, ಕೆಟ್ಟ ವಾಸನೆ ಇಲ್ಲ, ಲೋಳೆ ಇಲ್ಲ. ಬೇರೆ ಬಣ್ಣ ಬಂದಿದ್ರೆ? "ಗೊತ್ತಾಗ್ತಿರ್ಲಿಲ್ಲ ಅಜ್ಜಿ. ತಿಪ್ಪೆಗೆ ಹಾಕ್ತಿದ್ದೆ." ಅಜ್ಜಿ ತಲೆ ಆಡಿಸಿದರು. ಒಂದು ಚೂರು ತಿಂದು, "ಉಪ್ಪು ಸಾಲ್ದು" ಅಂದರು.

ಅಜ್ಜಿ ‘ಹಳಸಿದ್ದು’ ಅಂದ ಮಾತು ನನ್ನ ತಲೆಯಲ್ಲೇ ಉಳೀತು. ಕನ್ನಡದಲ್ಲಿ ‘ಹಳಸಿತು’ ಅಂತೀವಿ, ಅದು ತಾನಾಗೇ ಆದದ್ದು. ‘ಹುದುಗಿಸಿದೆವು’ ಅಂತೀವಿ, ಅದು ನಾವು ಮಾಡಿದ್ದು. ಎರಡರ ಒಳಗೂ ನಡೆಯೋ ಕೆಲಸ ಒಂದೇ ಜಾತಿಯದ್ದು. ಬೇರೆ ಮಾಡೋದು ನಾವು ಎಷ್ಟು ತಿಳಿದು, ಎಷ್ಟು ಗಮನ ಕೊಟ್ಟು ಮಾಡಿದ್ವಿ ಅನ್ನೋದು. ಆ ರಾತ್ರಿಯ ನಾಲ್ಕು ಕಿಲೋವನ್ನ ನಾವು ಹುದುಗಿಸಿರಲಿಲ್ಲ. ಅದು ಹಳಸಿತ್ತು.

ಹೀಗೆ ಮಾಡೋಣ

ನನ್ನ ಸಲಹೆ ದೊಡ್ಡದಲ್ಲ. ಸಂಘದಿಂದಲೋ ಡಿಪಾರ್ಟ್‌ಮೆಂಟಿನಿಂದಲೋ ಒಂದು ಮೂಲೆ, ಒಂದು ಥರ್ಮಾಕೋಲ್ ಡಬ್ಬ, ಎಲ್ಲರಿಗೂ ಒಂದೇ ನೋಟ್‌ಬುಕ್. ಕೆಲವು ನಿಯಮ ನಾವು ಈಗಾಗಲೇ ಹಾಕಿಕೊಂಡಿದ್ದೀವಿ, ನೀವೂ ಹಾಕಿಕೊಳ್ಳಿ.

ಹೆಪ್ಪು ಯಾವಾಗಲೂ ಕೊಂಡದ್ದೇ. ಮನೆ ಹೆಪ್ಪು ಬೇಡ, ಗಾಳಿಯಿಂದ ಹಿಡಿದದ್ದು ಬೇಡವೇ ಬೇಡ. ಶುರುವಿಗೆ ಕಡಲೆಬೇಳೆ ಒಳ್ಳೇದು, ಸಿಪ್ಪೆ ತೆಗೆಯೋ ಕೆಲಸ ಇಲ್ಲ. ಪ್ರತಿ ಬ್ಯಾಚಿನ ಜೊತೆ ಹೆಪ್ಪು ಹಾಕದ ಒಂದು ಸಣ್ಣ ಪೊಟ್ಟಣ ಇಡಿ. ನಿಮ್ಮ ಕೈ, ಪಾತ್ರೆ, ಗಾಳಿಯಿಂದ ಏನೇನು ಬರುತ್ತೆ ಅಂತ ಅದು ತೋರಿಸುತ್ತೆ, ತಿನ್ನೋಕಲ್ಲ. ಥರ್ಮಿಸ್ಟರ್ ಕಾಳಿನೊಳಗೆ ಇರಲಿ. ಹಸಿರು, ಹಳದಿ, ಕೇಸರಿ, ಗುಲಾಬಿ ಬಣ್ಣ, ಲೋಳೆ, ಕೊಳೆತ ವಾಸನೆ, ಯಾವುದೇ ಒಂದು ಇದ್ರೂ ಇಡೀ ಪೊಟ್ಟಣ ಹೊರಗೆ, ಕೊಯ್ಯೋದಿಲ್ಲ, ರುಚಿ ನೋಡೋದಿಲ್ಲ. ಸರಿ ಬಂದದ್ದನ್ನೂ ಹಸಿಯಾಗಿ ತಿನ್ನಬೇಡಿ, ಬೇಯಿಸಿ ಅಥವಾ ಕರಿದು ತಿನ್ನಿ. ಆಸ್ತಮಾ ಇರೋರು, ಯಾವುದೋ ಕಾಯಿಲೆಗೆ ಔಷಧಿ ತಗೊಂಡು ರೋಗನಿರೋಧಕ ಶಕ್ತಿ ಕಡಿಮೆ ಇರೋರು ಬೀಜಕಣದ ಪುಡಿ ಹತ್ರ ಬರೋದು ಬೇಡ. ಕೋಜಿಯನ್ನ ಮುಚ್ಚಿದ ಹಾಸ್ಟೆಲ್ ರೂಮಲ್ಲಿ ಬೆಳೆಸೋದು ಬೇಡ. ಬಲಿತರೆ ಹಸಿರು ಪುಡಿ ಹಾರುತ್ತೆ, ಪಕ್ಕದ ಮಂಚದವನನ್ನ ಕೇಳಿ ಹಾರಲ್ಲ. ಮತ್ತೊಬ್ಬರಿಗೆ ಮಾರೋದಂತೂ ಸದ್ಯಕ್ಕೆ ಇಲ್ಲವೇ ಇಲ್ಲ. ಪೋಸ್ಟರ್ ಹಾಕಿದ್ದೇ ನಮ್ಮ ಮೊದಲ ತಪ್ಪು.

ಕೊನೆಯ ನಿಯಮ ನೋಟ್‌ಬುಕ್ಕಿನದ್ದು. ಪ್ರತಿ ಪುಟದ ಕೆಳಗೆ ಒಂದು ಖಾನೆ ಇದೆ: ‘ನಮಗೆ ಗೊತ್ತಿಲ್ಲದ್ದು’. ಅದು ತುಂಬದೆ ಬ್ಯಾಚು ಮುಗಿದ ಹಾಗಲ್ಲ. ಮೊದಲ ಸಲ ಬರೆಯುವಾಗ ಕೈ ತಡೆಯುತ್ತೆ, ಅಂಕ ಕಳೀತಾರೇನೋ ಅನ್ಸುತ್ತೆ. ನಾಲ್ಕನೇ ಬ್ಯಾಚಿನ ಹೊತ್ತಿಗೆ ಅಭ್ಯಾಸ ಆಗುತ್ತೆ. ನಾಳೆ ನಾವು ಸೇತುವೆ ಕಟ್ತೀವೋ, ಬ್ಯಾಟರಿ ಮಾಡ್ತೀವೋ, ಕೋಡ್ ಬರೀತೀವೋ ಗೊತ್ತಿಲ್ಲ. ಎಲ್ಲಿಗೆ ಹೋದ್ರೂ ಒಂದು ರಾತ್ರಿ ಹನ್ನೊಂದೂವರೆಗೆ ಯಾರೋ ಒಬ್ಬ "ಅಷ್ಟು ಭಾಗ ಕೊಯ್ದು ಬಿಸಾಕು, ನಾಳೆ ಬಿಡುಗಡೆ ಇದೆ" ಅಂತ ಹೇಳೇ ಹೇಳ್ತಾನೆ. ಆವತ್ತಿಗೆ ಕೈಗೆ ಅಭ್ಯಾಸ ಇರಬೇಕು.

ಖಜಾಂಚಿ ಮೇಡಂ, ಆ ದುಡ್ಡು ಮುಂದಿನ ತಿಂಗಳೊಳಗೆ ಕೊಡ್ತೀನಿ. ಡಬ್ಬ ಸದ್ಯಕ್ಕೆ ಖಾಲಿ ಇದೆ. ಹೆಪ್ಪಿನ ಹೊಸ ಪ್ಯಾಕೆಟ್ ಬಂದಿದೆ. ಕಾಳು ನಿಮ್ಮದು, ನೋಟ್‌ಬುಕ್ ನಮ್ಮದು. ಬನ್ನಿ.